ಕಡಲತಾಯಿಯ ತವರು: ಕೆಡವಿದ ಗುಡಿ ಮತ್ತೆ ಎದ್ದ ಕಥೆ

ದೇವರನ್ನು ನಂಬದ ಕಮ್ಯುನಿಸ್ಟ್ ಪಕ್ಷ ಆಳುವ ಚೀನಾದಲ್ಲಿ ಸರ್ಕಾರವೇ ಗುಡಿ, ಜಾತ್ರೆಗಳ ಬೆನ್ನಿಗೆ ನಿಂತಿದೆ. ಇದು ಹೇಗಾಯಿತು? ಫುಜಿಯಾನ್ ಪ್ರಾಂತ್ಯದ ಮೇಜೋ ಎಂಬ ಪುಟ್ಟ ದ್ವೀಪದ ಕಥೆ ಕೇಳಿದರೆ ಸ್ವಲ್ಪ ತಿಳಿಯುತ್ತದೆ.

ಮೀನುಗಾರರನ್ನು ಕಾಯುವ ತಾಯಿ ಮಾಜು 960ರಲ್ಲಿ ಇಲ್ಲೇ ಹುಟ್ಟಿದಳು ಎಂದು ನಂಬಿಕೆ. ರಾಜರು ಬಿರುದು ಕೊಟ್ಟರು, ವಲಸೆ ಹೋದವರು ತೈವಾನ್, ಮಲೇಷ್ಯಾವರೆಗೂ ಅವಳನ್ನು ಹೊತ್ತೊಯ್ದರು, ಹಳೆಯ ಆಚರಣೆಗಳನ್ನು ಅಳಿಸಲು ಹೊರಟ ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಮೂಲ ಗುಡಿಯೇ ನೆಲಸಮವಾಯಿತು.

1978ರ ಸುಮಾರಿಗೆ ಅದನ್ನು ಮತ್ತೆ ಕಟ್ಟಲು ಹೊರಟವರು ಅಧಿಕಾರಿಗಳಲ್ಲ, ದ್ವೀಪದ ಹೆಂಗಸರು. ಲಿನ್ ತ್ಸೋಂಗ್‌ಜಿ ಎಂಬಾಕೆ ಮುಂದೆ ನಿಂತರು. ಇಂಥ ಪೂಜೆಗೆ ಆಗ ಸರ್ಕಾರಿ ಭಾಷೆಯಲ್ಲಿದ್ದ ಹೆಸರು ‘ಮೂಢನಂಬಿಕೆ’. ಅಲ್ಲಿ ಮಾನ್ಯತೆ ಇರುವುದು 5 ಧರ್ಮಗಳಿಗೆ ಮಾತ್ರ: ಬೌದ್ಧ, ತಾವೋ, ಇಸ್ಲಾಂ, ಕ್ಯಾಥೊಲಿಕ್, ಪ್ರೊಟೆಸ್ಟೆಂಟ್. ಊರದೇವತೆಗಳಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಅಂಥ ಕಾಲದಲ್ಲಿ ಗುಡಿ ಕಟ್ಟಲು ಎಷ್ಟು ಧೈರ್ಯ ಬೇಕು, ಅಲ್ವಾ?

ಗಾಳಿ ತಿರುಗಿದ್ದು ತೈವಾನ್ ಕಡೆಯಿಂದ. 1987ಕ್ಕೆ ಮಾಜು ತೀರಿಕೊಂಡು 1000 ವರ್ಷ. ಆಗ ತೈವಾನ್‌ನಿಂದ ಚೀನಾಕ್ಕೆ ನೇರ ದಾರಿ ಇರಲಿಲ್ಲ. ತೈವಾನ್‌ನ ದಾಜಿಯಾ ಊರಿನ ಭಕ್ತರು ಜಪಾನ್ ಸುತ್ತಿಕೊಂಡು ಬಂದರು. 1989ರಲ್ಲಿ ಅಲ್ಲಿನದೇ ಯಿಲಾನ್ ಕಡೆಯ ಮೀನುಗಾರರು ತಮ್ಮ ದೋಣಿಗಳಲ್ಲೇ ಕಡಲು ದಾಟಿದರು. ಈ ಯಾತ್ರೆಗೆ ಅವರು ಹೇಳುವುದೇ ‘ತಾಯಿ ತವರಿಗೆ ಹೋಗುವುದು’ ಅಂತ. ತಮ್ಮೂರಿನ ಮೂರ್ತಿಯನ್ನು ಎತ್ತಿಕೊಂಡು ಬಂದು ಮೂಲ ಗುಡಿಯ ಧೂಪದ ಹೊಗೆಯ ಮೇಲೆ ಹಾಯಿಸುತ್ತಾರೆ. ಧೂಪದ ಬೂದಿಯನ್ನು ಜೋಪಾನವಾಗಿ ಕಟ್ಟಿಕೊಂಡು ಹೋಗಿ ತಮ್ಮೂರ ಗುಡಿಯ ಬೂದಿಗೆ ಬೆರೆಸುತ್ತಾರೆ. ಆ ಒಂದು ಹಿಡಿ ಬೂದಿಯೇ ಎರಡು ಗುಡಿಗಳ ನಂಟು.

ತೈವಾನ್ ಜನರ ಮನಸ್ಸನ್ನು ಹತ್ತಿರ ತರುವ ಈ ನಂಟು, ತೈವಾನ್ ತನ್ನದೇ ಎನ್ನುವ ಬೀಜಿಂಗ್ ಸರ್ಕಾರಕ್ಕೂ ಬೇಕಾಗಿತ್ತು. ಪ್ರವಾಸಿಗರ ದುಡ್ಡೂ ಬರುತ್ತಿತ್ತು. ಮಂಟಪಗಳು ಎದ್ದವು. ಗುಡ್ಡದ ಮೇಲೆ 14 ಮೀಟರ್ ಮೀರಿದ ಕಲ್ಲಿನ ಮಾಜು ನಿಂತಳು. 1997ರಲ್ಲಿ ಮೇಜೋದ ಮೂರ್ತಿ ತೈವಾನ್‌ನಲ್ಲಿ 102 ದಿನ ಸಂಚರಿಸಿತು. 2009ರಲ್ಲಿ ಮಾಜು ಆಚರಣೆಗಳು ಯುನೆಸ್ಕೊ ಪಟ್ಟಿ ಸೇರಿದವು. ಹಳೆಯ ‘ಮೂಢನಂಬಿಕೆ’ ಈಗ ‘ಮಾಜು ಸಂಸ್ಕೃತಿ’.

ಆ ಹೆಸರಲ್ಲಿ ತಪ್ಪೇನಿಲ್ಲ. ಆದರೆ ಆ ಹೆಂಗಸರು ಕಟ್ಟಿದ್ದು ಪೂಜೆಗಾಗಿ. ಮೇಜೋದ ವಯಸ್ಸಾದ ಹೆಂಗಸರ ತುರುಬು ಇಂದಿಗೂ ದೋಣಿಯ ಹಾಯಿಯ ಆಕಾರದಲ್ಲಿರುತ್ತದೆ, ಕಡಲಿಗೆ ಹೋದವರು ಸುಖವಾಗಿ ಮನೆ ಸೇರಲಿ ಅಂತ.