ಏರೋಸಾಲ್: ಹೊಗೆಯ ಕಣಕ್ಕೂ ಮುಂಗಾರಿಗೂ ಏನು ನಂಟು?

ಏರೋಸಾಲ್ ಎಂದರೆ ಗಾಳಿಯಲ್ಲಿ ತೇಲುವ ಸಣ್ಣ ಸಣ್ಣ ಕಣ. ಅದು ಗಟ್ಟಿಯೂ ಆಗಿರಬಹುದು, ದ್ರವವೂ ಆಗಿರಬಹುದು. ಒಲೆಯ ಮಸಿ, ಡೀಸೆಲ್ ಹೊಗೆ, ರಸ್ತೆಯ ದೂಳು, ಅಲೆ ಒಡೆದಾಗ ಹಾರುವ ಕಡಲಿನ ಉಪ್ಪು ಎಲ್ಲವೂ ಏರೋಸಾಲ್‌ಗಳೇ. ಕಲ್ಲಿದ್ದಲು ಉರಿದಾಗ ಗಂಧಕದ ಅನಿಲ ಹೊರಬರುತ್ತದಲ್ವಾ, ಅದರಿಂದ ಗಾಳಿಯಲ್ಲೇ ಹುಟ್ಟುವ ಸಲ್ಫೇಟ್ ಕಣವೂ ಈ ಗುಂಪಿಗೇ ಸೇರಿದ್ದು. ಪತ್ರಿಕೆಗಳಲ್ಲಿ ದಿನಾ ಕಾಣುವ ‘ಪಿಎಂ 2.5’ ಇದರದೇ ಒಂದು ಪಾಲು, 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ.

ಈ ಕಣಗಳ ಮಾತು ಬಂದಾಗಲೆಲ್ಲ ಕೆಮ್ಮು, ಉಬ್ಬಸ, ಶ್ವಾಸಕೋಶ ಎನ್ನುತ್ತೇವೆ. ಅದು ಸರಿಯೇ. ಆದರೆ ಬಿಸಿಲು, ಮಂಜು, ಮೋಡ, ಮಳೆ ನಾಲ್ಕರಲ್ಲೂ ಇವುಗಳ ಕೈವಾಡವಿದೆ. ಮಳೆಯನ್ನೇ ನಂಬಿ ಬದುಕುವ ದೇಶದಲ್ಲಿ ಈ ವಿಷಯ ಸಾಕಷ್ಟು ಚರ್ಚೆಯಾಗಿಲ್ಲ ಎಂದು ನನಗೆ ಅನಿಸುತ್ತದೆ.

ಮೋಡದಿಂದ ಶುರು ಮಾಡೋಣ. ನೀರಾವಿ ತಾನಾಗಿಯೇ ಹನಿಯಾಗುವುದಿಲ್ಲ. ಕಣವೇ ಇಲ್ಲದ ಶುದ್ಧ ಗಾಳಿಯಲ್ಲಿ ಹನಿ ಕಟ್ಟಬೇಕಾದರೆ ತೇವಾಂಶ ಶೇ. 100 ಸಾಲದು, ಅದರ ಹಲವು ಪಟ್ಟು ಬೇಕು. ಆಕಾಶದಲ್ಲಿ ಅಷ್ಟು ಎಂದೂ ಇರುವುದಿಲ್ಲ. ಹಾಗಾಗಿ ಆವಿಗೆ ಹತ್ತಿಕೊಳ್ಳಲು ಒಂದು ಕಣ ಬೇಕೇ ಬೇಕು. ಸ್ಕಾಟ್ಲೆಂಡಿನ ಜಾನ್ ಏಟ್ಕನ್ 1880ರ ದಶಕದಲ್ಲಿ ಪ್ರಯೋಗ ಮಾಡಿ ಇದನ್ನು ತೋರಿಸಿದರು, ಕಣ ಎಣಿಸುವ ಉಪಕರಣವನ್ನೂ ತಯಾರಿಸಿದರು. ಅಂದರೆ ಏರೋಸಾಲ್ ಇಲ್ಲದಿದ್ದರೆ ಮೋಡವೇ ಇಲ್ಲ. ತೊಂದರೆ ಇರುವುದು ಅದು ಜಾಸ್ತಿಯಾದಾಗ.

ಜಾಸ್ತಿಯಾದರೂ ಹಂಚಿಕೊಳ್ಳಲು ಇರುವ ನೀರು ಅಷ್ಟೇ. ಹತ್ತು ರೊಟ್ಟಿಯ ಹಿಟ್ಟಿನಲ್ಲಿ ಐವತ್ತು ರೊಟ್ಟಿ ತಟ್ಟಲು ಹೊರಟರೆ ಒಂದೊಂದೂ ಅಂಗೈಯಷ್ಟಾಗುವ ಹಾಗೆ, ಹನಿಗಳು ಹೆಚ್ಚುತ್ತವೆ, ಗಾತ್ರ ಕುಗ್ಗುತ್ತದೆ. ಒಂದು ಮಳೆಹನಿ ಆಗಲು ಸುಮಾರು ಹತ್ತು ಲಕ್ಷ ಮೋಡದ ಹನಿಗಳು ಕೂಡಬೇಕು. ತೀರಾ ಸಣ್ಣ ಹನಿಗಳು ಒಂದಕ್ಕೊಂದು ಬಡಿದು ಕೂಡುವುದೇ ಕಡಿಮೆ. ಆಗ ಮೋಡ ಇನ್ನಷ್ಟು ಬೆಳ್ಳಗಾಗುತ್ತದೆ, ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಸುರಿಯಲು ಮಾತ್ರ ತಡ ಮಾಡುತ್ತದೆ. ಎತ್ತರದ ಗುಡುಗು ಮೋಡಗಳಲ್ಲಿ ಬೇರೆಯೇ ನಡೆಯಬಹುದು. ಕೆಳಗೆ ಸುರಿಯದೆ ಮೇಲೇರಿದ ನೀರು ಹೆಪ್ಪುಗಟ್ಟುವಾಗ ಶಾಖ ಬಿಡುತ್ತದೆ. ಆ ಶಾಖದಿಂದ ಮೋಡ ಮತ್ತೂ ಬೆಳೆದು ಬಿರುಸಾಗಿ ಸುರಿಯುವುದೂ ಉಂಟು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ 2009ರಲ್ಲಿ ‘ಕೈಪೀಕ್ಸ್’ ಯೋಜನೆ ಶುರು ಮಾಡಿ, ವಿಮಾನಗಳನ್ನು ಮೋಡದೊಳಕ್ಕೇ ಕಳಿಸಿ ಇದನ್ನೆಲ್ಲ ಅಳೆದಿದೆ.

ಇನ್ನು ಬಿಸಿಲಿನ ಮಾತು. ಇಲ್ಲಿ ಎಲ್ಲ ಕಣಗಳೂ ಒಂದೇ ತರ ಅಲ್ಲ. ಸಲ್ಫೇಟ್ ಬೆಳಕನ್ನು ಚದುರಿಸುತ್ತದೆ. ಮಸಿ ಅದನ್ನು ಹೀರಿಕೊಂಡು ಸುತ್ತಲಿನ ಗಾಳಿಯನ್ನು ಬಿಸಿ ಮಾಡುತ್ತದೆ. ನಮ್ಮ ಭಾಗದಲ್ಲಿ ಇದರ ಪರಿಣಾಮ ಎಷ್ಟೆಂದು ತಿಳಿದದ್ದು 1999ರ ಜನವರಿಯಿಂದ ಮಾರ್ಚ್‌ವರೆಗೆ ಹಿಂದೂ ಮಹಾಸಾಗರದಲ್ಲಿ ನಡೆದ ‘ಇಂಡೋಯೆಕ್ಸ್’ ಅಧ್ಯಯನದಿಂದ. ಅದರ ಮುಂದಾಳುಗಳಲ್ಲಿ ಒಬ್ಬರಾದ ವೀರಭದ್ರನ್ ರಾಮನಾಥನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಚಳಿಗಾಲದ ಗಾಳಿ ನಮ್ಮ ಉಪಖಂಡದ ಹೊಗೆಯನ್ನು ಕಡಲಿನ ಮೇಲೆ ಹೊತ್ತೊಯ್ದಿತ್ತು. ಸುಮಾರು 3 ಕಿ.ಮೀ. ಎತ್ತರದವರೆಗೆ ಕಂದು ಬಣ್ಣದ ಕಾವಳ. ಅದರ ಕೆಳಗೆ ನೀರಿಗೆ ಬೀಳುವ ಬಿಸಿಲು ಸುಮಾರು ಶೇ. 10ರವರೆಗೂ ತಗ್ಗಿತ್ತು. ರಾಮನಾಥನ್ ಮತ್ತು ಎಸ್.ಕೆ. ಸತೀಶ್ 2000ರಲ್ಲಿ ಇನ್ನೊಂದು ಮುಖ್ಯ ಸಂಗತಿ ತೋರಿಸಿದರು. ಬಾಹ್ಯಾಕಾಶಕ್ಕೆ ಮರಳಿ ಹೋದ ಬಿಸಿಲಿಗಿಂತ ಕೆಳಗೆ ಖೋತಾ ಆದ ಬಿಸಿಲು ಎಷ್ಟೋ ಪಟ್ಟು ಹೆಚ್ಚು. ಉಳಿದದ್ದನ್ನೆಲ್ಲ ನಡುವಿನ ಗಾಳಿಯಲ್ಲಿದ್ದ ಮಸಿ ಹೀರಿಕೊಂಡಿತ್ತು. ಸತೀಶ್ ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಪ್ರಾಧ್ಯಾಪಕರಾದರು. ಚಿತ್ರದುರ್ಗದ ಚಳ್ಳಕೆರೆಯಲ್ಲಿರುವ ಸಂಸ್ಥೆಯ ವೀಕ್ಷಣಾಲಯದಲ್ಲಿ ಅವರ ತಂಡ ಇದೇ ಕಣಗಳನ್ನು ಅಳೆಯುತ್ತಾ ಬಂದಿದೆ.

ಮುಂಗಾರಿಗೆ ಇದು ತಾಗುವುದು ಹೇಗೆ? ಕಡಲಿಗೆ ಬಿಸಿಲು ಕಡಿಮೆಯಾದರೆ ಆವಿಯೂ ಕಡಿಮೆ. ನೆಲ ತಣ್ಣಗಾಗಿ ಮೇಲಿನ ಗಾಳಿ ಬಿಸಿಯಾದರೆ ಗಾಳಿ ಮೇಲೇಳಲು ಹಿಂಜರಿಯುತ್ತದೆ, ಮೋಡ ಕಟ್ಟುವುದು ಕಷ್ಟ. ನೆಲ ಮತ್ತು ಕಡಲಿನ ನಡುವಿನ ಬಿಸಿಯ ವ್ಯತ್ಯಾಸವೇ ಮುಂಗಾರನ್ನು ಎಳೆದು ತರುವ ಶಕ್ತಿ, ಅದೂ ಸೊರಗುತ್ತದೆ. 20ನೇ ಶತಮಾನದ ಎರಡನೇ ಅರ್ಧದಲ್ಲಿ ಮಧ್ಯ ಮತ್ತು ಉತ್ತರ ಭಾರತದ ಮುಂಗಾರು ಮಳೆ ಇಳಿದದ್ದಕ್ಕೆ ಮನುಷ್ಯರು ಬಿಟ್ಟ ಏರೋಸಾಲ್ ದೊಡ್ಡ ಕಾರಣ ಎಂದು 2011ರ ಒಂದು ಅಧ್ಯಯನ ಹೇಳಿತು. ಹಿಮಾಲಯದ ತಪ್ಪಲಿನಲ್ಲಿ ದೂಳು, ಮಸಿ ಬಿಸಿಯಾಗಿ ಮೇ, ಜೂನ್‌ನಲ್ಲಿ ಮಳೆಯನ್ನು ಉತ್ತರಕ್ಕೆ ಸೆಳೆಯುತ್ತವೆ ಎಂಬ ಬೇರೆ ವಾದವೂ ಇದೆ. ನನ್ನ ಮಟ್ಟಿಗೆ ಇವೆರಡರಲ್ಲಿ ಒಂದನ್ನೇ ಆರಿಸಬೇಕಾಗಿಲ್ಲ. ತಪ್ಪಲಿನದು ಕೆಲವು ವಾರಗಳ ಮಾತು, ಮೊದಲು ಹೇಳಿದ ಮಳೆ ಇಳಿಕೆ ದಶಕಗಳ ಮಾತು.

ಮಂಜಿನ ವಿಷಯ ಇನ್ನೂ ನೇರ. ಗಂಗಾ ಬಯಲಿನಲ್ಲಿ ಡಿಸೆಂಬರ್, ಜನವರಿಯಲ್ಲಿ ಗಾಳಿ ಅಲುಗಾಡುವುದಿಲ್ಲ. ನೀರು ಹಾಯಿಸಿದ ಗೋಧಿ ಹೊಲಗಳಿಂದ ತೇವ ಏಳುತ್ತದೆ. ಗೊಬ್ಬರದಿಂದ, ದನಗಳಿಂದ ಅಮೋನಿಯಾ ಬರುತ್ತದೆ. ಪ್ಲಾಸ್ಟಿಕ್ ಕಸ ಸುಟ್ಟಾಗ, ಕೆಲವು ಕಾರ್ಖಾನೆಗಳಿಂದಲೂ, ಹೈಡ್ರೋಕ್ಲೋರಿಕ್ ಆಮ್ಲದ ಆವಿ ಬರುತ್ತದೆ. ಎರಡೂ ಕೂಡಿದರೆ ಅಮೋನಿಯಂ ಕ್ಲೋರೈಡ್. ಅದಕ್ಕೆ ನೀರು ಹೀರುವ ಗುಣ ಬಹಳ. ಗಾಳಿಯ ತೇವ ಕುಡಿದು ಕಣ ಊದಿಕೊಳ್ಳುತ್ತದೆ, ಎದುರಿನ ರಸ್ತೆ ಕಾಣದಂತಾಗುತ್ತದೆ. ಮದ್ರಾಸ್ ಐಐಟಿಯ ಸಚಿನ್ ಗುಂಥೆ ಮತ್ತು ಸಂಗಡಿಗರು 2021ರಲ್ಲಿ ದೆಹಲಿಯ ಗಾಳಿಯಲ್ಲಿ ಇದನ್ನು ಗುರುತಿಸಿದರು. ಮಂಜು ದಟ್ಟವಾದಷ್ಟು ಬಿಸಿಲು ತಡ, ಬಿಸಿಲು ತಡವಾದಷ್ಟು ಮಂಜಿನ ಬಾಳು ಉದ್ದ.

ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಶತಮಾನಗಟ್ಟಲೆ ಉಳಿಯುತ್ತದೆ. ಈ ಕಣಗಳ ಆಯಸ್ಸು ಹೆಚ್ಚೆಂದರೆ ಒಂದೆರಡು ವಾರ, ಮಳೆ ಬಂದರೆ ಅದಕ್ಕೂ ಮೊದಲೇ ತೊಳೆದುಹೋಗುತ್ತವೆ. ಅದಕ್ಕೇ ಇವುಗಳ ಪ್ರಭಾವ ಹುಟ್ಟಿದ ಪ್ರದೇಶದಲ್ಲೇ ಹೆಚ್ಚು. ಅದಕ್ಕೇ ಇವನ್ನು ಬೇಗ ಇಳಿಸಲೂ ಸಾಧ್ಯ. 2020ರ ಲಾಕ್‌ಡೌನ್ ಶುರುವಾದ ಕೆಲವೇ ದಿನಗಳಲ್ಲಿ ಉತ್ತರ ಭಾರತದ ಮೇಲಿನ ಏರೋಸಾಲ್ 20 ವರ್ಷಗಳಲ್ಲೇ ಅತಿ ಕಡಿಮೆ ಮಟ್ಟಕ್ಕೆ ಇಳಿದದ್ದು ನಾಸಾದ ಉಪಗ್ರಹಗಳಿಗೆ ಕಂಡಿತ್ತು.

ಆದರೆ ಇಲ್ಲಿ ಒಂದು ತೊಡಕಿದೆ. ಏರೋಸಾಲ್‌ಗಳು ಭೂಮಿಯ ಕಾವನ್ನು ಸುಮಾರು 0.4 ಡಿಗ್ರಿಯಷ್ಟು ಮರೆಮಾಡಿವೆ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2021ರ ವರದಿ ಅಂದಾಜಿಸಿತು. ಬಿಸಿಲನ್ನು ತಡೆಯುವ ಸಲ್ಫೇಟ್ ಮಾತ್ರ ಇಳಿದು ಇಂಗಾಲದ ಡೈಆಕ್ಸೈಡ್ ಹಾಗೇ ಉಳಿದರೆ ಆ ಕಾವು ಹೊರಬರುತ್ತದೆ. ಹಾಗಂತ ಗಂಧಕದ ಹೊಗೆಯನ್ನು ಬಿಡುತ್ತಲೇ ಇರಲು ಆಗುವುದಿಲ್ಲ, ಅದನ್ನು ಉಸಿರಾಡುವವರು ನಾವೇ. ಅದನ್ನು ಇಂಗಾಲದ ಡೈಆಕ್ಸೈಡ್ ಜೊತೆಗೇ ಇಳಿಸಬೇಕು. ಮಸಿಗೆ ಈ ಇಕ್ಕಟ್ಟು ಇಲ್ಲ. ಸೌದೆ ಮತ್ತು ಬೆರಣಿಯ ಒಲೆ, ಹಳೇ ಡೀಸೆಲ್ ಗಾಡಿ, ಇಟ್ಟಿಗೆ ಗೂಡು, ಗದ್ದೆಯ ಕೂಳೆಗೆ ಇಡುವ ಬೆಂಕಿ ಇವುಗಳ ಮಸಿ ತಗ್ಗಿದರೆ ಮೇಲಿನ ಗಾಳಿ ತಣ್ಣಗಾಗುತ್ತದೆ, ಕೆಳಗೆ ಬಿಸಿಲು ಬೀಳುತ್ತದೆ, ಕಡಲಿನಿಂದ ಏಳುವ ಆವಿಯೂ ಹೆಚ್ಚುತ್ತದೆ.