ಎರಿಸ್ ಅಷ್ಟು ದೂರ ಇದೆ, ಅದರ ತೂಕ ಹೇಗೆ ಗೊತ್ತಾಯಿತು?

ಓದುಗರ ಪ್ರಶ್ನೆ: ಎರಿಸ್ ಎಂಬ ಕುಬ್ಜ ಗ್ರಹದ ಹತ್ತಿರಕ್ಕೆ ಇವತ್ತಿನವರೆಗೆ ಒಂದು ನೌಕೆಯೂ ಹೋಗಿಲ್ಲ. ಆದರೂ ಅದು ಪ್ಲೂಟೊಗಿಂತ ಭಾರ ಅಂತ ಖಚಿತವಾಗಿ ಹೇಳುತ್ತಾರೆ. ಅದನ್ನು ತೂಗಿದವರು ಯಾರು, ಹೇಗೆ?

ತೂಗಿಕೊಟ್ಟದ್ದು ಅದರ ಪುಟ್ಟ ಚಂದ್ರ. ಹೆಸರು ಡಿಸ್ನೋಮಿಯಾ. (ತೂಕ ಅಂದರೆ ಇಲ್ಲಿ ದ್ರವ್ಯರಾಶಿ.)

ಎರಿಸ್ ಪತ್ತೆಯಾದದ್ದು 2005ರ ಜನವರಿಯಲ್ಲಿ. ಸೂರ್ಯನಿಂದ ನಾವಿರುವ ದೂರದ ಸುಮಾರು 96 ಪಟ್ಟು ಆಚೆ ಅದು ಇದೆ. ಅಲ್ಲಿಂದ ಬೆಳಕು ಇಲ್ಲಿಗೆ ಬರಲು 13 ಗಂಟೆ ಬೇಕು. ದೂರದರ್ಶಕದಲ್ಲಿ ಬರೀ ಒಂದು ಚುಕ್ಕೆ. ಚುಕ್ಕೆಯ ಹೊಳಪು ನೋಡಿ ತೂಕ ಹೇಳಲು ಆಗುವುದಿಲ್ಲ. ಮಂಜುಗಡ್ಡೆ ಹೊದ್ದು ಹೊಳೆಯುವ ಸಣ್ಣ ಕಾಯವೂ ಕಪ್ಪಗಿರುವ ದೊಡ್ಡ ಕಾಯವೂ ಇಷ್ಟು ದೂರದಿಂದ ಒಂದೇ ಥರ ಕಾಣಬಹುದು, ಅಲ್ವಾ?

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಎರಿಸ್ ಪತ್ತೆ ಮಾಡಿದ ಖಗೋಳ ವಿಜ್ಞಾನಿ ಮೈಕ್ ಬ್ರೌನ್ ಮತ್ತು ಸಂಗಡಿಗರು ಹವಾಯಿಯ ಕೆಕ್ ದೂರದರ್ಶಕವನ್ನು ಎರಿಸ್ ಕಡೆ ತಿರುಗಿಸಿದರು. ನಮ್ಮ ಗಾಳಿಯಿಂದಾಗಿ ನಕ್ಷತ್ರಗಳು ಮಿನುಗುತ್ತವೆ, ಚಿತ್ರ ಕಲಸಿಹೋಗುತ್ತದೆ. ಕೆಕ್‌ನವರು ಆಕಾಶಕ್ಕೆ ಲೇಸರ್ ಹಾಯಿಸಿ, ಸುಮಾರು 90 ಕಿ.ಮೀ. ಎತ್ತರದಲ್ಲಿ ಒಂದು ಕೃತಕ ನಕ್ಷತ್ರ ಮಾಡಿಕೊಂಡರು. ಅದು ಎಷ್ಟು ಅಲುಗುತ್ತದೋ ನೋಡಿ, ಅದಕ್ಕೆ ತಕ್ಕ ಹಾಗೆ ಒಂದು ಕನ್ನಡಿಯನ್ನು ಕ್ಷಣಕ್ಷಣಕ್ಕೂ ಬಾಗಿಸಿದರು. ಚಿತ್ರ ತಿಳಿಯಾಯಿತು. ಎರಿಸ್ ಪಕ್ಕದಲ್ಲಿ, ಅದಕ್ಕಿಂತ ಸುಮಾರು 60 ಪಟ್ಟು ಮಂಕಾದ ಇನ್ನೊಂದು ಚುಕ್ಕೆ ಕಂಡಿತು. ಹುಣ್ಣಿಮೆ ಚಂದ್ರನ ಅಗಲವನ್ನು 3,000 ಭಾಗ ಮಾಡಿದರೆ ಒಂದು ಭಾಗದಷ್ಟೂ ಅಂತರ ಅವೆರಡರ ಮಧ್ಯೆ ಇರಲಿಲ್ಲ! ಇದನ್ನು ಓದಿದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಆಮೇಲೆ ಕೆಕ್ ಮತ್ತು ಹಬಲ್ ಬಾಹ್ಯಾಕಾಶ ದೂರದರ್ಶಕದಿಂದ ಮತ್ತೆ ಮತ್ತೆ ನೋಡಿ, ಆ ಚುಕ್ಕೆ ಸುತ್ತುವ ದಾರಿ ಗುರುತು ಮಾಡಿದರು. ದೂರ ಸುಮಾರು 37,300 ಕಿ.ಮೀ. ಒಂದು ಸುತ್ತಿಗೆ 15.8 ದಿನ. ಈ ಎರಡು ಸಂಖ್ಯೆ ಸಿಕ್ಕರೆ ಕೆಲಸ ಮುಗಿದ ಹಾಗೆ.

ಯಾಕೆ? ಮಧ್ಯದಲ್ಲಿರುವುದು ಭಾರವಾದಷ್ಟೂ ಎಳೆತ ಜಾಸ್ತಿ. ಸುತ್ತುವುದು ಬೀಳದೆ ಉಳಿಯಬೇಕಾದರೆ ಅಷ್ಟೇ ವೇಗವಾಗಿ ಓಡಬೇಕು. ಭೂಮಿಯ ಕೇಂದ್ರದಿಂದ ಅಷ್ಟೇ ದೂರದಲ್ಲಿ ಒಂದು ಉಪಗ್ರಹ ಇಟ್ಟರೆ ಸುಮಾರು 20 ಗಂಟೆಯಲ್ಲಿ ಒಂದು ಸುತ್ತು ಮುಗಿಸುತ್ತದೆ. ಡಿಸ್ನೋಮಿಯಾಗೆ ಹದಿನೈದು ದಿನ ದಾಟುತ್ತದೆ. ಗಂಟೆಗೆ ಸುಮಾರು 620 ಕಿ.ಮೀ., ಪ್ರಯಾಣಿಕರ ಜೆಟ್ ವಿಮಾನಕ್ಕಿಂತ ನಿಧಾನ. ಅಂದರೆ ಎರಿಸ್‌ನ ಎಳೆತ ಅಷ್ಟು ಮೃದು.

ಲೆಕ್ಕ ನೀವೇ ಮಾಡಿ ನೋಡಬಹುದು. ಡಿಸ್ನೋಮಿಯಾದ ದೂರವನ್ನು ನಮ್ಮ ಚಂದ್ರನ ದೂರದಿಂದ, ಅಂದರೆ 3,84,400ರಿಂದ ಭಾಗಿಸಿ. 0.097 ಬರುತ್ತದೆ. ಅದರ ಘನ ತೆಗೆಯಿರಿ. ಇನ್ನು 15.8 ದಿನವನ್ನು ನಮ್ಮ ಚಂದ್ರನ 27.3 ದಿನದಿಂದ ಭಾಗಿಸಿ ವರ್ಗ ತೆಗೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.0027. ಎರಿಸ್ ಭೂಮಿಯ ಸುಮಾರು 360ರಲ್ಲಿ ಒಂದು ಪಾಲು! ಕೆಪ್ಲರ್, ನ್ಯೂಟನ್ ಕೊಟ್ಟ ಸೂತ್ರ ಇಷ್ಟೇ. ಸೂಕ್ಷ್ಮವಾಗಿ ನೋಡಿದರೆ ಇದು ಎರಿಸ್ ಮತ್ತು ಡಿಸ್ನೋಮಿಯಾ ಎರಡೂ ಸೇರಿದ ತೂಕ, ಆದರೆ ಅದರಲ್ಲಿ ಡಿಸ್ನೋಮಿಯಾದ ಪಾಲು ತೀರಾ ಕಡಿಮೆ.

2007ರಲ್ಲಿ ಬ್ರೌನ್ ಮತ್ತು ಎಮಿಲಿ ಶಾಲರ್ ಈ ಫಲಿತಾಂಶ ಪ್ರಕಟಿಸಿದರು: ಎರಿಸ್ ಪ್ಲೂಟೊಗಿಂತ 27% ಭಾರ. 2010ರ ನವೆಂಬರ್‌ನಲ್ಲಿ ಎರಿಸ್ ಒಂದು ನಕ್ಷತ್ರಕ್ಕೆ ಅಡ್ಡ ಬಂದಾಗ ಚಿಲಿಯಿಂದ ಅದರ ಅಗಲ ಅಳೆದರು. 2,326 ಕಿ.ಮೀ. ಪ್ಲೂಟೊ 2,377. ಗಾತ್ರದಲ್ಲಿ ಸ್ವಲ್ಪ ಚಿಕ್ಕದು, ತೂಕದಲ್ಲಿ ಜಾಸ್ತಿ. ಹಾಗಾಗಿ ಅದರೊಳಗೆ ಮಂಜುಗಡ್ಡೆಗಿಂತ ಬಂಡೆಯೇ ಹೆಚ್ಚು ತುಂಬಿರಬೇಕು.

ಅದೇ ಸೆಡ್ನಾ ಎಂಬ ಇನ್ನೊಂದು ದೂರದ ಕಾಯ ನೋಡಿ. ಅದನ್ನೂ ಇದೇ ತಂಡ ಪತ್ತೆ ಮಾಡಿತು. 2004ರಲ್ಲಿ ಹಬಲ್ ಅದರ ಸುತ್ತ ಚಂದ್ರನಿಗಾಗಿ ಹುಡುಕಿತು. ಸಿಗಲಿಲ್ಲ. ಹಾಗಾಗಿ ಸೆಡ್ನಾದ ತೂಕ ಇವತ್ತಿಗೂ ಅಂದಾಜು ಮಾತ್ರ.