ಬೀಗದ ಕೈ ಯಾರ ಹತ್ತಿರ?

ಮೂರು ವರ್ಷದ ಹಿಂದೆ, ಮದುವೆ ಸೀಸನ್ ಜೋರಾಗಿದ್ದಾಗ, ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಫೋಟೋ ಸ್ಟುಡಿಯೊ ಇಟ್ಟಿರುವ ನನ್ನ ಗೆಳೆಯ ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದ. "ಒಂದ್ ಫೋಟೋನೂ ಓಪನ್ ಆಗ್ತಿಲ್ಲಲೇ, ಜಲ್ದಿ ಬಾ" ಅಂದ. ಹೋಗಿ ನೋಡಿದರೆ ಎಲ್ಲ ಫೈಲುಗಳ ಹೆಸರಿನ ಕೊನೆಗೂ ನಾಲ್ಕು ಇಂಗ್ಲಿಷ್ ಅಕ್ಷರ ಅಂಟಿಕೊಂಡಿತ್ತು. ಮದುಮಗಳ ಮುಖ ಕಾಣಬೇಕಾದ ಕಡೆ ಬರೀ ಬಿಳಿ ಹಾಳೆಯ ಗುರುತು. ಪ್ರತಿ ಫೋಲ್ಡರ್‌ನಲ್ಲೂ ರೀಡ್‌ಮಿ ಅಂತ ಒಂದು ಸಣ್ಣ ಟೆಕ್ಸ್ಟ್ ಫೈಲ್ ಬಿದ್ದಿತ್ತು. ಅದರಲ್ಲಿ ಇದ್ದದ್ದು ಇಷ್ಟು: ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ, ಬಿಡಿಸಬೇಕಾದರೆ 980 ಡಾಲರ್, ಮೂರು ದಿನದೊಳಗೆ ಸಂಪರ್ಕ ಮಾಡಿದರೆ ಅರ್ಧ ರೇಟು, 490. ನಂಬಿಕೆ ಬರದಿದ್ದರೆ ಒಂದು ಫೈಲ್ ಕಳಿಸಿ, ಪುಕ್ಕಟೆ ಬಿಡಿಸಿ ತೋರಿಸುತ್ತೇವೆ.

ಹನ್ನೊಂದು ಮದುವೆ, ಎರಡು ಗೃಹಪ್ರವೇಶ, ಒಂದು ನಾಮಕರಣ. ಬ್ಯಾಕಪ್ ಅಂತ ಇಟ್ಟುಕೊಂಡಿದ್ದ 2 ಟಿಬಿ ಹಾರ್ಡ್‌ಡಿಸ್ಕ್ ಯಾವಾಗಲೂ ಕಂಪ್ಯೂಟರಿಗೇ ಸಿಕ್ಕಿಸಿಕೊಂಡು ಇರುತ್ತಿತ್ತು. ಅದಕ್ಕೂ ಬೀಗ ಬಿದ್ದಿತ್ತು.

ಅವತ್ತಿನಿಂದ, ಹೀಗೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಎಷ್ಟು ಓದಿದರೂ ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತೇನೆ: ಬೀಗದ ಕೈ, ಅಂದರೆ ಫೈಲು ಬಿಡಿಸುವ ಗುಟ್ಟಿನ ಸಂಕೇತ, ಎಲ್ಲಿದೆ? ಇದರ ಇತಿಹಾಸ ಪೂರ್ತಿ, ಆ ಕೈ ನಮ್ಮ ಮನೆಯೊಳಗಿಂದ ಕಳ್ಳನ ಮನೆಗೆ ಹೋದ ಕಥೆ. ಫೈಲು ವಾಪಸ್ ಬರುತ್ತಾ, ಬರಲ್ವಾ ಅನ್ನೋದೂ ಅದರ ಮೇಲೇ ನಿಂತಿದೆ.

ಶುರುವಾಗಿದ್ದು ಫ್ಲಾಪಿ ಕಾಲದಲ್ಲಿ. 1989ರ ಡಿಸೆಂಬರ್‌ನಲ್ಲಿ ಜೋಸೆಫ್ ಪಾಪ್ ಎಂಬ ಅಮೆರಿಕದ ಜೀವಶಾಸ್ತ್ರಜ್ಞ ಸುಮಾರು 20,000 ಫ್ಲಾಪಿಗಳನ್ನು ಅಂಚೆಯಲ್ಲಿ ಬೇರೆ ಬೇರೆ ದೇಶಗಳಿಗೆ ಕಳಿಸಿದ. ಏಡ್ಸ್ ಬಗ್ಗೆ ಮಾಹಿತಿ ಕೊಡುವ ಪ್ರೋಗ್ರಾಮ್ ಅಂತ ಮೇಲೆ ಬರೆದಿತ್ತು. ಹಾಕಿಕೊಂಡವರಿಗೆ ಮೊದಲು ಏನೂ ಆಗುತ್ತಿರಲಿಲ್ಲ. ಕಂಪ್ಯೂಟರನ್ನು ಸುಮಾರು 90 ಸಲ ಆನ್ ಮಾಡಿದ ಮೇಲೆ ಫೈಲುಗಳ ಹೆಸರೆಲ್ಲ ಕಲಸಿಹೋಗಿ, ಪನಾಮಾದ ಒಂದು ಅಂಚೆ ಪೆಟ್ಟಿಗೆಗೆ 189 ಡಾಲರ್ ಕಳಿಸಿ ಅಂತ ಪರದೆ ಮೇಲೆ ಬರುತ್ತಿತ್ತು. ಆದರೆ ಆತ ಕಲಸಿದ್ದು ಹೆಸರನ್ನು ಮಾತ್ರ, ಫೈಲಿನ ಒಳಗಿನದ್ದನ್ನಲ್ಲ. ಅದನ್ನು ಬಿಡಿಸುವ ಗುಟ್ಟೂ ಆ ಪ್ರೋಗ್ರಾಮಿನೊಳಗೇ ಇತ್ತು. ಬ್ರಿಟನ್ನಿನ ಜಿಮ್ ಬೇಟ್ಸ್ ಅದನ್ನು ಬಿಚ್ಚಿ ನೋಡಿ, ಸರಿಮಾಡುವ ಪ್ರೋಗ್ರಾಮ್ ಬರೆದು ಉಚಿತವಾಗಿ ಹಂಚಿದರು. ಅಂದರೆ ಕಳ್ಳ ಬೀಗ ಹಾಕಿ, ಕೈಯನ್ನು ಬಾಗಿಲ ಸಂದಿಯಲ್ಲೇ ಬಿಟ್ಟು ಹೋಗಿದ್ದ.

ಈ ತಪ್ಪನ್ನು ಮೊದಲು ಸರಿಯಾಗಿ ಗುರುತಿಸಿದವರು ಕಳ್ಳರಲ್ಲ, ಇಬ್ಬರು ಸಂಶೋಧಕರು. ಆಡಮ್ ಯಂಗ್ ಮತ್ತು ಮೋಟಿ ಯುಂಗ್ 1996ರಲ್ಲಿ ಒಂದು ಪ್ರಬಂಧ ಬರೆದು, ಮುಂದೆ ಹೀಗೊಂದು ಅಪಾಯ ಬರಬಹುದು ಅಂತ ಎಚ್ಚರಿಸಿದರು. ಅವರು ಹೇಳಿದ್ದು ಕೇಳೋಕೆ ಕಷ್ಟ ಅನ್ನಿಸಬಹುದು, ಆದರೆ ನಮ್ಮ ಅಂಗಡಿ ಶಟರ್ ನೆನಪಿಸಿಕೊಂಡರೆ ಸಾಕು. ಶಟರ್‌ಗೆ ಹಾಕುವ ಕೆಲವು ಬೀಗಗಳನ್ನು ಸುಮ್ನೆ ಒತ್ತಿದರೆ ಹಾಕಿಕೊಳ್ಳುತ್ತವೆ. ಹಾಕೋಕೆ ಕೈ ಬೇಡ, ತೆಗೆಯೋಕೆ ಮಾತ್ರ ಬೇಕು. ಅಂಥ ಬೀಗವನ್ನು ವೈರಸ್ ಜೊತೆ ಕಳಿಸಿ, ಕೈಯನ್ನು ತನ್ನ ಹತ್ತಿರವೇ ಇಟ್ಟುಕೊಂಡರೆ? ವೈರಸ್ಸನ್ನು ನೀವು ಎಷ್ಟೇ ಬಿಚ್ಚಿ ನೋಡಿ, ಒಳಗೆ ಬೀಗ ಮಾತ್ರ ಸಿಗುತ್ತದೆ. ಇವತ್ತಿನ ಎಲ್ಲ ದೊಡ್ಡ ರ‍್ಯಾನ್ಸಮ್‌ವೇರ್‌ಗಳ ಬುಡ ಇದೇ.

ಹೇಳುವುದು ಸುಲಭ, ಮಾಡುವುದು ಕಳ್ಳರಿಗೂ ಕಷ್ಟವಾಯಿತು. ಜಿಪಿಕೋಡ್ ಎಂಬ ಇಂಥದ್ದೇ ವೈರಸ್ 2005ರ ಸುಮಾರಿಗೆ ಬಂದಾಗ ಅದರ ಬೀಗ ಟೊಳ್ಳು, ತಜ್ಞರು ಮುರಿದು ಹಾಕಿದರು. 2008ರಲ್ಲಿ ಅದೇ ಗುಂಪಿನ ಹೊಸ ವೈರಸ್‌ಗೆ ಮುರಿಯಲಾಗದಂಥ ಬೀಗವೇ ಇತ್ತು. ಆದರೆ ಅದು ಫೈಲಿನ ಬೀಗ ಹಾಕಿದ ಪ್ರತಿ ಮಾಡಿ, ಮೂಲವನ್ನು ಮಾಮೂಲಿಯಂತೆ ಡಿಲೀಟ್ ಮಾಡುತ್ತಿತ್ತು. ಡಿಲೀಟ್ ಆದದ್ದು ಡಿಸ್ಕ್‌ನಲ್ಲಿ ಇನ್ನೂ ಉಳಿದಿರುತ್ತದಲ್ವಾ? ಫೋಟೋರೆಕ್ ಎಂಬ ಉಚಿತ ಸಾಫ್ಟ್‌ವೇರಿನಿಂದ ಎಷ್ಟೋ ಫೈಲುಗಳನ್ನು ಹಾಗೇ ಹೆಕ್ಕಿ ತೆಗೆಯಲು ಆಯಿತು.

ಇನ್ನೊಂದು ತೊಡಕು ದುಡ್ಡು. ಅಂಚೆ ಪೆಟ್ಟಿಗೆಗೆ ಬರಲಿ, ಬ್ಯಾಂಕ್ ಖಾತೆಗೆ ಬರಲಿ, ಹಣ ತಗೊಳ್ಳುವವನು ಎಲ್ಲೋ ಒಂದು ಕಡೆ ಸಿಕ್ಕಿಬೀಳುತ್ತಾನೆ. ಪಾಪ್ ಕೂಡ ಸಿಕ್ಕಿಬಿದ್ದ. ಬಿಟ್‌ಕಾಯಿನ್ ಎಂಬ, ಬ್ಯಾಂಕಿನ ಹಂಗಿಲ್ಲದ ಡಿಜಿಟಲ್ ದುಡ್ಡು ಬಂದ ಮೇಲೆ ಆ ಹೆದರಿಕೆ ಕಡಿಮೆಯಾಯಿತು. 2013ರ ಸೆಪ್ಟೆಂಬರ್‌ನಲ್ಲಿ ಕ್ರಿಪ್ಟೋಲಾಕರ್ ಬಂತು. ಗಟ್ಟಿ ಬೀಗ, ದೂರದ ಸರ್ವರ್‌ನಲ್ಲಿ ಕೈ, ಬಿಟ್‌ಕಾಯಿನ್‌ನಲ್ಲಿ ವಸೂಲಿ, 72 ಗಂಟೆಯ ಗಡುವು. ಮೂರು ದಿನ ಅನ್ನುವ ಅದೇ ಒತ್ತಡ ನನ್ನ ಗೆಳೆಯನ ಪರದೆ ಮೇಲೂ ಇತ್ತು. 2014ರ ಜೂನ್‌ನಲ್ಲಿ ಹಲವು ದೇಶಗಳ ಪೊಲೀಸರು ಸೇರಿ ಅದನ್ನು ಹರಡುತ್ತಿದ್ದ ಜಾಲವನ್ನು ಕೆಡವಿದರು. ಕಳ್ಳರ ಬೀಗದ ಕೈಗಳ ಪಟ್ಟಿ ಕೈಗೆ ಬಂತು. ಆಗಸ್ಟ್‌ನಲ್ಲಿ ಫೈರ್‌ಐ ಮತ್ತು ಫಾಕ್ಸ್-ಐಟಿ ಕಂಪನಿಗಳು ಅದನ್ನು ಜನರಿಗೆ ಪುಕ್ಕಟೆ ಕೊಟ್ಟವು. ಬೀಗ ಹಾಕಿದ ಫೈಲುಗಳನ್ನು ಎಸೆಯದೆ ಇಟ್ಟುಕೊಂಡವರಿಗೆ ಅಷ್ಟು ತಿಂಗಳ ಮೇಲೆ ಎಲ್ಲ ವಾಪಸ್ ಸಿಕ್ಕಿತು. 2016ರ ಮೇನಲ್ಲಿ ಟೆಸ್ಲಾಕ್ರಿಪ್ಟ್‌ ಮಾಡಿದವರು ಅಂಗಡಿ ಮುಚ್ಚುವಾಗ, ಇಸೆಟ್ ಕಂಪನಿಯ ಸಂಶೋಧಕರೊಬ್ಬರು ಕೈ ಕೊಡಿ ಅಂತ ಕೇಳಿದರು, ಅವರು ಕೊಟ್ಟೇ ಬಿಟ್ಟರು! ಫಾರ್ಮ್ಯಾಟ್ ಮಾಡಿಸಿಕೊಂಡು ಕೂತಿದ್ದವರಿಗೆ ಮಾತ್ರ ಏನೂ ಉಳಿದಿರಲಿಲ್ಲ. ಹಾಗಾಗಿ ನನ್ನ ಮೊದಲ ಮಾತು: ಬೀಗ ಬಿದ್ದ ಫೈಲುಗಳನ್ನು ಅಳಿಸಬೇಡಿ.

2017ರ ಮೇ 12ರ ವನ್ನಾಕ್ರೈ ಎಲ್ಲರಿಗೂ ಗೊತ್ತು. ಅದಕ್ಕೆ ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ, ವಿಂಡೋಸ್‌ನ ಒಂದು ದೋಷ ಹಿಡಿದು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನೇ ಹರಿದಾಡಿತು. ಬ್ರಿಟನ್ನಿನ ಆಸ್ಪತ್ರೆಗಳಿಂದ ಹಿಡಿದು ಕೇರಳದ ವಯನಾಡಿನ ಗ್ರಾಮ ಪಂಚಾಯಿತಿವರೆಗೆ ಹೋಯಿತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ತೇಪೆ ಕೊಟ್ಟಿತ್ತು ಅನ್ನೋದು ಬೇಜಾರಿನ ವಿಷಯ. ಅಪ್‌ಡೇಟ್ ಮಾಡಿಕೊಂಡಿದ್ದವರ ಮನೆ ಬಾಗಿಲಿಗೆ ಬಂದು ಅದು ಹಾಗೇ ವಾಪಸ್ ಹೋಯಿತು.

ಆದರೆ ನಮ್ಮಂಥ ಊರಿನ ಒಂಟಿ ಕಂಪ್ಯೂಟರಿಗೆ ಬರುವ ರೋಗವೇ ಬೇರೆ. ಡಿಟಿಪಿ ಅಂಗಡಿ, ಫ್ಲೆಕ್ಸ್ ಅಂಗಡಿ, ಸ್ಟುಡಿಯೊ, ಹಾಸ್ಟೆಲ್ ಹುಡುಗರ ಲ್ಯಾಪ್‌ಟಾಪ್, ಇಲ್ಲೆಲ್ಲ ನಾನು ಕಂಡಿದ್ದು ಜಾಸ್ತಿ ಒಂದೇ ಕುಟುಂಬ. ಅದರ ಹೆಸರು ಸ್ಟಾಪ್ ಅಥವಾ ಡಿಜೆವಿಯು. 2018ರಿಂದ ಹರಡುತ್ತಿದೆ. ಅದು ಬರುವ ದಾರಿ ಕ್ರ್ಯಾಕ್, ಅಂದರೆ ದುಡ್ಡಿನ ಸಾಫ್ಟ್‌ವೇರನ್ನು ಪುಕ್ಕಟೆ ಓಡಿಸಲು ಮಾಡಿದ ಕಳ್ಳ ಪ್ರತಿ. ಗೆಳೆಯ ಫೋಟೋ ತಿದ್ದುವ ಸಾಫ್ಟ್‌ವೇರಿನ ಹೊಸ ಆವೃತ್ತಿ ಬೇಕು ಅಂತ ಒಂದು ವಿಡಿಯೋದ ಕೆಳಗಿದ್ದ ಲಿಂಕ್ ಒತ್ತಿದ್ದ. ಜಿಪ್ ಫೈಲ್ ಬಂತು. ಅದಕ್ಕೊಂದು ಪಾಸ್‌ವರ್ಡ್, ಪಾಸ್‌ವರ್ಡ್ ಪಕ್ಕದಲ್ಲೇ ಬರೆದಿತ್ತು. ಯಾಕೆ ಹಾಗೆ ಅಂದರೆ, ಪಾಸ್‌ವರ್ಡ್ ಹಾಕಿದ ಜಿಪ್‌ನ ಒಳಗೆ ಆ್ಯಂಟಿವೈರಸ್ ಇಣುಕಲಾರದು. ಕೆಳಗೆ ಇನ್ನೊಂದು ಸಾಲು: ಇನ್‌ಸ್ಟಾಲ್ ಮಾಡುವ ಮುಂಚೆ ಆ್ಯಂಟಿವೈರಸ್ ಆಫ್ ಮಾಡಿ. ಅವನು ಆಫ್ ಮಾಡಿದ. ಕಾವಲುಗಾರನನ್ನು ಮನೆಗೆ ಕಳಿಸಿ ಅಂತ ಕಳ್ಳನೇ ಹೇಳಿದ, ನಾವು ಕಳಿಸಿದೆವು. ಅವನೊಬ್ಬನ ತಪ್ಪು ಅಂತ ಹೇಳೋಕೆ ನನಗೆ ಮನಸ್ಸಿಲ್ಲ. ಕ್ರ್ಯಾಕ್ ಹಾಕಿಕೊಡೋದು ನಮ್ಮಲ್ಲಿ ಕಂಪ್ಯೂಟರ್ ಮಾರುವವರೇ ಮಾಡುವ ಮಾಮೂಲಿ ಸೇವೆ ಆಗಿಬಿಟ್ಟಿದೆ.

ಈ ಡಿಜೆವಿಯು ಓಡಲು ಶುರು ಮಾಡಿದ ಕೂಡಲೇ ತನ್ನ ಸರ್ವರನ್ನು ಕರೆಯುತ್ತದೆ. ಸಂಪರ್ಕ ಸಿಕ್ಕಿದರೆ ನಿಮ್ಮೊಬ್ಬರಿಗೇ ಬೇರೆ ಕೈ ತಯಾರಾಗುತ್ತದೆ, ಅದು ಅಲ್ಲೇ ಉಳಿಯುತ್ತದೆ. ನೆಟ್ ಇಲ್ಲದೆಯೋ ಸರ್ವರ್ ಬಿದ್ದಿದ್ದಕ್ಕೋ ಸಿಗದೇ ಹೋದರೆ, ಎಲ್ಲರಿಗೂ ಒಂದೇ ಆದ ಆಫ್‌ಲೈನ್ ಕೀ ಬಳಸುತ್ತದೆ. ರೀಡ್‌ಮಿ ಫೈಲಿನಲ್ಲಿ ಪರ್ಸನಲ್ ಐಡಿ ಅಂತ ಉದ್ದ ಸಾಲೊಂದು ಇರುತ್ತದೆ. ಅದರ ಕೊನೆಯಲ್ಲಿ ಟಿ ಅಕ್ಷರ ಮತ್ತು 1 ಇದ್ದರೆ ಅದು ಆಫ್‌ಲೈನ್ ಕೀ. ಹಾಗಿದ್ದರೆ ಆಸೆ ಇದೆ. ಎಮ್ಸಿಸಾಫ್ಟ್ ಕಂಪನಿ 2019ರ ಅಕ್ಟೋಬರ್‌ನಲ್ಲಿ ಇದರ 148 ಹಳೆಯ ಬಗೆಗಳಿಗೆ ಬಿಡಿಸುವ ಉಚಿತ ಸಾಧನ ಬಿಟ್ಟಿತು. ಆಮೇಲಿನ ಬಗೆಗಳಲ್ಲಿ ಸಿಗುವುದು ಕೆಲವು ಆಫ್‌ಲೈನ್ ಕೀಗಳು ಮಾತ್ರ.

ಗೆಳೆಯನ ಐಡಿಯ ಕೊನೆ ನೋಡಿದೆವು. ಟಿ1 ಇರಲಿಲ್ಲ.

ಹಾಗಂತ ಎಲ್ಲ ಮುಗಿಯಲಿಲ್ಲ. ಡಿಜೆವಿಯುಗೆ ಅವಸರ ಜಾಸ್ತಿ, ಪ್ರತಿ ಫೈಲಿನ ಮೊದಲ 150 ಕೆಬಿಯಷ್ಟಕ್ಕೆ ಮಾತ್ರ ಬೀಗ ಹಾಕಿ ಮುಂದೆ ಹೋಗುತ್ತದೆ. ಸಣ್ಣ ಫೈಲು ಪೂರ್ತಿ ಹೋಗುತ್ತದೆ. ಆದರೆ ಒಂದು ಜಿಬಿಯ ಮದುವೆ ವಿಡಿಯೋದಲ್ಲಿ ಅಷ್ಟು ಹೋದರೆ ತಲೆ ಮಾತ್ರ ಹೋಯಿತು, ಮೈ ಹಾಗೇ ಇರುತ್ತದೆ. ಅದೇ ಕ್ಯಾಮೆರಾದಲ್ಲಿ ತೆಗೆದ ಒಂದು ಒಳ್ಳೆ ವಿಡಿಯೋ ಮಾದರಿಗೆ ಕೊಟ್ಟು, ರಿಪೇರಿ ಸಾಫ್ಟ್‌ವೇರಿನಿಂದ ಬಹಳಷ್ಟು ವಿಡಿಯೋ ಎಬ್ಬಿಸಿದೆವು. ಮೊದಲ ತಾಳಿ ಕಟ್ಟುವ ದೃಶ್ಯ ಓಡಿದಾಗ ಅವನ ಹೆಂಡತಿ ಅಡುಗೆಮನೆಯಿಂದ ಬಂದು ನಿಂತು ನೋಡಿದರು, ಅದು ಯಾರದೋ ಮದುವೆ. ಆಲ್ಬಮ್ ಪುಟಗಳು ಪ್ರಿಂಟ್ ಮಾಡುವ ಲ್ಯಾಬ್‌ನಲ್ಲಿ ಸಿಕ್ಕವು. ಒಂದು ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಆಗದೆ ಬ್ಯಾಗಿನ ಮೂಲೆಯಲ್ಲಿತ್ತು. ಉಳಿದವರ ಮನೆಗೆ ಅವನೇ ಹೋಗಿ ಹೇಳಿ ಬಂದ.

ನಿಮಗೆ ಹೀಗಾದರೆ ಮೊದಲು ನೆಟ್ ಕಿತ್ತುಹಾಕಿ, ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್ ಎಲ್ಲ ಕೀಳಿ. ಫೈಲುಗಳ ಹೆಸರು ಕಣ್ಣೆದುರೇ ಬದಲಾಗುತ್ತಿದ್ದರೆ ಯೋಚನೆ ಮಾಡದೆ ಪವರ್ ಬಟನ್ ಒತ್ತಿ ಹಿಡಿದು ಆರಿಸಿ, ಉಳಿದದ್ದಾದರೂ ಉಳಿಯುತ್ತದೆ. ಬೆದರಿಕೆ ಪತ್ರದ ಫೋಟೋ ತೆಗೆದಿಡಿ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊಂದಲ: ವೈರಸ್ ತೆಗೆಯುವುದು ಬೇರೆ, ಬೀಗ ತೆಗೆಯುವುದು ಬೇರೆ. ಆ್ಯಂಟಿವೈರಸ್ ಕಳ್ಳನನ್ನು ಓಡಿಸಬಹುದು, ಬೀಗ ಹಾಗೇ ಇರುತ್ತದೆ. ಬೀಗ ಬಿದ್ದ ಫೈಲುಗಳನ್ನೂ ಪತ್ರವನ್ನೂ ಬೇರೆ ಡಿಸ್ಕಿಗೆ ಕಾಪಿ ಮಾಡಿಟ್ಟು, ಆಮೇಲೆ ಬೇರೆ ಕಂಪ್ಯೂಟರಿನಲ್ಲಿ ಮಾಡಿದ ಪೆನ್‌ಡ್ರೈವ್‌ನಿಂದ ವಿಂಡೋಸ್ ಹೊಸದಾಗಿ ಹಾಕುವುದೇ ಒಳ್ಳೆಯದು. ಡಿಜೆವಿಯು ಜೊತೆ ಪಾಸ್‌ವರ್ಡ್ ಕದಿಯುವ ಇನ್ನೊಂದು ವೈರಸ್ಸೂ ಬರುತ್ತಿತ್ತು, ಅದಕ್ಕೇ ಇಮೇಲ್, ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಫೋನ್‌ನಿಂದಲೋ ಬೇರೆ ಕಂಪ್ಯೂಟರಿನಿಂದಲೋ ಅವತ್ತೇ ಬದಲಿಸಿ.

ಬಿಡಿಸುವ ಸಾಧನ ಹುಡುಕುವಾಗ ಎಚ್ಚರ. 2020ರಲ್ಲಿ ಡಿಜೆವಿಯು ಬಿಡಿಸುತ್ತೇನೆ ಅಂತ ಬಂದ ಒಂದು ನಕಲಿ ಸಾಧನ, ಬೀಗದ ಮೇಲೆ ಇನ್ನೊಂದು ಬೀಗ ಜಡಿಯಿತು. ನೊಂದವರನ್ನೇ ಮತ್ತೆ ಸುಲಿಯುವುದು ಎಂಥ ಕೆಲಸ! ನಂಬಬಹುದಾದ ವೆಬ್‌ಸೈಟ್ ನೋ ಮೋರ್ ರ‍್ಯಾನ್ಸಮ್. ಯೂರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್, ನೆದರ್ಲೆಂಡ್ಸ್ ಪೊಲೀಸರು ಮತ್ತು ಎರಡು ಭದ್ರತಾ ಕಂಪನಿಗಳು ಸೇರಿ 2016ರ ಜುಲೈನಲ್ಲಿ ಶುರು ಮಾಡಿದ್ದು. ಬೀಗ ಬಿದ್ದ ಒಂದೆರಡು ಫೈಲು ಮತ್ತು ಪತ್ರ ಹಾಕಿದರೆ ಯಾವ ಕುಟುಂಬ, ಸಾಧನ ಇದೆಯಾ ಅಂತ ಹೇಳುತ್ತದೆ. ದೂರು ಕೊಡಲು ದಾವಣಗೆರೆಯಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆ ಇದೆ, ಹಣ ಕಳಕೊಂಡಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ದುಡ್ಡು ಕೊಡುವ ವಿಷಯದಲ್ಲಿ ನಾನು ಬೇಡ ಅಂತಲೇ ಹೇಳುತ್ತೇನೆ. ಕೊಟ್ಟರೂ ಕೈ ಸಿಗುತ್ತದೆ ಅನ್ನೋ ಖಾತ್ರಿ ಇಲ್ಲ. ವನ್ನಾಕ್ರೈಗೆ ದುಡ್ಡು ಕಟ್ಟಿದವರು ಯಾರು ಅಂತ ಗುರುತಿಸುವ ಸರಿಯಾದ ವ್ಯವಸ್ಥೆಯೇ ಕಳ್ಳರ ಹತ್ತಿರ ಇರಲಿಲ್ಲ.

ಬರದಂತೆ ತಡೆಯೋಕೆ ಕ್ರ್ಯಾಕ್ ಬಿಡುವುದೇ ಮುಕ್ಕಾಲು ಕೆಲಸ. ಫೋಟೋ ತಿದ್ದುವ ಜಿಂಪ್, ಆಫೀಸ್ ಕೆಲಸದ ಲಿಬ್ರೆಆಫೀಸ್ ಪುಕ್ಕಟೆ ಸಿಗುತ್ತವೆ, ಕನ್ನಡ ಟೈಪ್ ಮಾಡುವ ನಮ್ಮ 'ನುಡಿ' ತಂತ್ರಾಂಶವೂ ಉಚಿತ, ಅದಕ್ಕೆಲ್ಲ ಕಳ್ಳದಾರಿ ಯಾಕೆ? ವಿಂಡೋಸ್ ಅಪ್‌ಡೇಟ್ ನಿಲ್ಲಿಸಬೇಡಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿದಿದೆ, ನೆನಪಿರಲಿ. ಫೈಲಿನ ಬಾಲ, ಅಂದರೆ ಎಕ್ಸ್‌ಟೆನ್ಷನ್, ಕಾಣುವಂತೆ ಸೆಟ್ ಮಾಡಿಕೊಳ್ಳಿ, ಪಿಡಿಎಫ್ ವೇಷ ಹಾಕಿದ ಇಎಕ್ಸ್ಇ, ಅಂದರೆ ಓಡುವ ಪ್ರೋಗ್ರಾಮ್ ಫೈಲು, ಆಗ ಗೊತ್ತಾಗುತ್ತದೆ. ವಿಂಡೋಸ್ ಸೆಕ್ಯೂರಿಟಿಯಲ್ಲಿ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್ ಅಂತ ಒಂದು ಜಾಗ ಇದೆ. ಅಲ್ಲಿರುವ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಸಾಮಾನ್ಯವಾಗಿ ಆಫ್ ಇರುತ್ತದೆ. ಆನ್ ಮಾಡಿದರೆ ಪರಿಚಯವಿಲ್ಲದ ಪ್ರೋಗ್ರಾಮ್ ನಿಮ್ಮ ಫೋಲ್ಡರ್ ಮುಟ್ಟದಂತೆ ತಡೆಯುತ್ತದೆ. ಒಮ್ಮೊಮ್ಮೆ ಒಳ್ಳೆ ಪ್ರೋಗ್ರಾಮನ್ನೂ ತಡೆಯುತ್ತದೆ, ಆಗ ಅದಕ್ಕೆ ಅನುಮತಿ ಕೊಡಬೇಕು.

ಇಷ್ಟಾದರೂ ಒಂದು ದಿನ ತಪ್ಪು ಆಗಬಹುದು. ಆಗ ಉಳಿಸುವುದು ತಂತಿಗೆ ಸಿಕ್ಕಿಸದೆ ಇಟ್ಟ ಪ್ರತಿ ಒಂದೇ. ಅಮೆರಿಕದ ಫೋಟೋಗ್ರಾಫರ್ ಪೀಟರ್ ಕ್ರೋಗ್ ಪ್ರಚಾರ ಮಾಡಿದ 3-2-1 ಲೆಕ್ಕ ಸರಳ: ಮೂರು ಪ್ರತಿ, ಎರಡು ಬೇರೆ ಬಗೆಯ ಜಾಗ, ಒಂದು ಮನೆಯ ಹೊರಗೆ. ಗೂಗಲ್ ಡ್ರೈವ್ ಇದೆಯಲ್ಲ ಅಂತ ಸುಮ್ಮನಿರಬೇಡಿ, ಕಂಪ್ಯೂಟರಿನ ಜೊತೆ ಸಿಂಕ್ ಆಗುವಂತಿದ್ದರೆ ಬೀಗ ಬಿದ್ದ ಫೈಲೇ ಅಲ್ಲಿಗೂ ಹೋಗುತ್ತದೆ. ಹಳೆ ಆವೃತ್ತಿಗಳು ಅಲ್ಲಿ ಸಾಮಾನ್ಯವಾಗಿ 30 ದಿನ ಇರುತ್ತವೆ, ಅಷ್ಟರೊಳಗೆ ವಾಪಸ್ ತಗೋಬೇಕು.

ಗೆಳೆಯ ಈಗ ಎರಡು ಡಿಸ್ಕ್ ಇಟ್ಟಿದ್ದಾನೆ. ಪ್ರತಿ ಮದುವೆ ಆದ ರಾತ್ರಿ ಕಾಪಿ ಮಾಡಿ, ಕಿತ್ತು, ಒಂದನ್ನು ಸ್ಕೂಟರ್ ಡಿಕ್ಕಿಯಲ್ಲಿ ಹಾಕಿಕೊಂಡು ನಿಟುವಳ್ಳಿಯ ಅಕ್ಕನ ಮನೆಯ ಬೀರುವಿನಲ್ಲಿ ಇಟ್ಟು ಬರುತ್ತಾನೆ. ಅದೇ ಬೀರುವಿನ ಕೆಳಗಿನ ಅರೆಯಲ್ಲಿ ಬೀಗ ಬಿದ್ದ ಆ ಹಳೆ 2 ಟಿಬಿ ಡಿಸ್ಕ್ ಇದೆ. ಮೇಲೆ ಪರ್ಸನಲ್ ಐಡಿ ಬರೆದ ಚೀಟಿ ಅಂಟಿಸಿದ್ದೇವೆ. ಆರು ತಿಂಗಳಿಗೊಮ್ಮೆ ನಾನು ನೋ ಮೋರ್ ರ‍್ಯಾನ್ಸಮ್ ತೆಗೆದು ನೋಡುತ್ತೇನೆ. ಅದರ ಕೈ ಇನ್ನೂ ಸಿಕ್ಕಿಲ್ಲ.